ಎರಡೆರಡು ಕಂಡಿದ್ದೆಲ್ಲ ಡಬಲ್ಡ್ ಡೈ ಅಲ್ಲ

17 ಆಗಸ್ಟ್ 2024, ಶನಿವಾರ ರಾತ್ರಿ

ಇವತ್ತು ನಾಣ್ಯದ ನೋಟ್‌ಬುಕ್ಕಲ್ಲಿ ಮೂರು ಎಂಟ್ರಿ ಹೊಡೆದು ಹಾಕ್ದೆ. ಮೂರರ ಪಕ್ಕಾನೂ ಆಸೆಯಿಂದ ‘ಡಬಲ್ಡ್ ಡೈ’ (ನಾಣ್ಯ ಒತ್ತೋ ಉಕ್ಕಿನ ಅಚ್ಚು, ಅಂದ್ರೆ ಡೈನಲ್ಲೇ ಚಿತ್ರ ಎರಡೆರಡಾಗಿ ಮೂಡಿರೋದು) ಅಂತ ಬರ್ಕೊಂಡಿದ್ದೆ, ಒಂದಕ್ಕಂತೂ ಕೆಂಪು ಇಂಕಲ್ಲಿ ಅಡಿಗೆರೆ ಬೇರೆ. ಅದನ್ನ ಮೊದಲ್ನೇ ಸಲ ತೋರಿಸಿದಾಗ ಅಕ್ಕ, ಎರಡೆರಡು ಕಾಣ್ತಿದ್ರೆ ಮೊದ್ಲು ಕಣ್ಣು ಟೆಸ್ಟ್ ಮಾಡ್ಸ್ಕೊಳೋ ಅಂದಿದ್ಲು, ಸಿಟ್ಟು ಬಂದಿತ್ತು.

ನಾನು ಮಾಡಿದ ತಪ್ಪು ಏನಂದ್ರೆ, ತಪ್ಪಾಗಿರೋದು ಅಚ್ಚಿನಲ್ಲೋ ಅಥವಾ ಅಚ್ಚು ನಾಣ್ಯದ ಮೇಲೆ ಬಿದ್ದ ಆ ಒಂದು ಏಟಿನಲ್ಲೋ ಅಂತ ಕೇಳ್ಕೊಳ್ಳದೆ ಬರೀ ಅಕ್ಷರ ಎರಡಾಗಿ ಕಾಣೋದನ್ನೇ ನೋಡಿದ್ದು. ಡೈ ಮಾಡೋಕೆ ಹಬ್ ಅಂತ ಒಂದಿರತ್ತೆ, ಅದ್ರಲ್ಲಿ ಚಿತ್ರ ನಾಣ್ಯದಲ್ಲಿರೋ ಹಾಗೇ ಉಬ್ಬಿರತ್ತೆ, ಅದನ್ನ ಡೈ ಉಕ್ಕಿಗೆ ಒತ್ತಿದ್ರೆ ಉಲ್ಟಾ ತಗ್ಗಾಗಿ ಕೂರತ್ತೆ. ಹಿಂದೆ ಒಂದೇ ಒತ್ತಿಗೆ ಪೂರ್ತಿ ಮೂಡ್ತಿರ್ಲಿಲ್ಲ, ಒತ್ತಿದಾಗ ಉಕ್ಕು ಗಟ್ಟಿಯಾಗ್ತಿತ್ತು, ಕಾಯಿಸಿ ಮೆತ್ತಗೆ ಮಾಡಿ ಮತ್ತೆ ಒತ್ತಬೇಕು, ಆ ಎರಡನೇ ಸಲ ಒಂಚೂರು ತಿರುಗಿ ಕೂತ್ರೆ ಮುಗೀತು, ಆಮೇಲೆ ಆ ಡೈಯಿಂದ ಬರೋ ಪ್ರತಿ ನಾಣ್ಯದಲ್ಲೂ ಅದೇ ಜೋಡಿ ಅಕ್ಷರ. ಅಮೆರಿಕದ 1955ರ ಲಿಂಕನ್ ಸೆಂಟ್ ಹೀಗೇ ಆಗಿದ್ದು, 20ರಿಂದ 24 ಸಾವಿರ ಹೊರಗೆ ಬಂದ್ವು ಅನ್ನೋ ಅಂದಾಜಿದೆ, ಇಸವಿ ಎರಡಾಗಿರೋದು ಬರಿಗಣ್ಣಿಗೇ ಕಾಣತ್ತೆ. ಹೀಗೆ ತಪ್ಪು ಡೈನಲ್ಲೇ ಇದ್ದು ನಾಣ್ಯದಿಂದ ನಾಣ್ಯಕ್ಕೆ ಹಾಗೇ ಬಂದ್ರೆ ಅದು ಡೈ ವೆರೈಟಿ.

ನನ್ ಹತ್ರ ಇದ್ದಿದ್ದು ಮಷೀನ್ ಡಬ್ಲಿಂಗ್. ಪ್ರೆಸ್ಸಲ್ಲಿ ಡೈ ಸಡಿಲವಾಗಿದ್ರೆ ಏಟು ಬಿದ್ದ ತಕ್ಷಣ ಅಲುಗಿ, ಆಗ್ಲೇ ಮೂಡಿರೋ ಅಕ್ಷರದ ಅಂಚನ್ನ ತಳ್ಳಿ ಚಪ್ಪಟೆ ಮಾಡತ್ತೆ. ಲೂಪ್ (ಕಣ್ಣಿಗೆ ಹಿಡಿಯೋ ಪುಟ್ಟ ಭೂತಗನ್ನಡಿ) ಹಿಡಿದು ಬೆಳಕನ್ನ ಸುತ್ತಲೂ ತಿರುಗಿಸಿ ನೋಡಿದ್ರೆ ಅಕ್ಷರದ ಪಕ್ಕ ಮೆಟ್ಟಿಲಿನ ಥರ ಒಂದು ಹೊಳೆಯೋ ಚಪ್ಪಟೆ ಪಟ್ಟಿ, ಅಷ್ಟೇ. ಮುಖ್ಯವಾಗಿ ಅದು ಮೂಲ ಅಕ್ಷರವನ್ನೇ ತಿಂದಿರತ್ತೆ, ಅಕ್ಷರ ತೆಳ್ಳಗಾಗಿರತ್ತೆ! ನಿಜವಾದ ಡಬಲ್ಡ್ ಡೈನಲ್ಲಿ ಅಕ್ಷರ ದಪ್ಪಗಾಗಿ ಎರಡನೇದೂ ದುಂಡಗೆ ಉಬ್ಬಿರತ್ತೆ, ಮೂಲೆಗಳಲ್ಲಿ ಸೀಳು ಕಾಣತ್ತೆ. ನಾನು ಎರಡು ವರ್ಷ ಈ ಮೆಟ್ಟಿಲನ್ನ ನೋಡಿ ಖುಷಿ ಪಟ್ಕೊಂಡಿದ್ದೆ.

ಎರರ್‌ಗಳು, ಅಂದ್ರೆ ಡೈ ಸರಿಯಿದ್ದು ಆ ಒಂದು ನಾಣ್ಯದಲ್ಲಷ್ಟೇ ಆದ ತಪ್ಪುಗಳು, ನನ್ ಪ್ರಕಾರ ಗುರುತಿಸೋಕೆ ಸುಲಭ. ಬಿಲ್ಲೆ (ಇನ್ನೂ ಚಿತ್ರ ಒತ್ತದ ಖಾಲಿ ಲೋಹದ ತುಂಡು) ಅರ್ಧ ಆಚೆ ಸರಿದಿದ್ದು, ಅಂಚು ಕತ್ತರಿಸಿ ಹೋಗಿದ್ದು, ಬೇರೆ ಲೋಹದ ಬಿಲ್ಲೆ ನುಗ್ಗಿದ್ದು. 1943ರಲ್ಲಿ ಅಮೆರಿಕದ ಸೆಂಟ್‌ಗಳನ್ನ ಸತು ಲೇಪದ ಉಕ್ಕಲ್ಲಿ ಹೊಡೀತಿದ್ರು, ಆದ್ರೂ ಕೆಲವು ಕಂಚಿನ ಬಿಲ್ಲೆ ಮೇಲೆ ಬಿದ್ವು. ಡೈದು ತಪ್ಪೇನಿಲ್ಲ, ಬಿಲ್ಲೇದು ತಪ್ಪು.

ತಲೆ ಕೆಡ್ಸೋದು ವೆರೈಟಿಗೂ ಎರರ್‌ಗೂ ಮಧ್ಯದವು. 1937ರ ಡೆನ್ವರ್ ಟಂಕಸಾಲೆಯ ಬಫಲೋ ನಿಕಲ್‌ನಲ್ಲಿ (ಅಮೆರಿಕದ 5 ಸೆಂಟ್ ನಾಣ್ಯ) ಕಾಡೆಮ್ಮೆಗೆ ಮೂರೇ ಕಾಲು, ಡೈಯನ್ನ ಜಾಸ್ತಿ ಉಜ್ಜಿ ಪಾಲಿಶ್ ಮಾಡಿ ಒಂದು ಮುಂಗಾಲೇ ಅಳಿಸಿ ಹೋಗಿದ್ದು. ಡೈ ಮಾಡುವಾಗ ಸರಿಯಾಗೇ ಇತ್ತು, ಆಮೇಲೆ ಕೆಟ್ಟಿದ್ದು, ಆದ್ರೂ ಆ ಡೈಯ ನಾಣ್ಯಗಳಲ್ಲಿ ಅದೇ ಕಾಲು ಮಾಯ, ಹಾಗಾಗಿ ವೆರೈಟಿ ಅಂತಾನೇ ಸಂಗ್ರಹ ಮಾಡ್ತಾರೆ. ನಂಗೂ ಅದೇ ಸರಿ ಅನ್ಸತ್ತೆ.

ಆದ್ರೆ ಡೈ ಬಿರುಕು? ಡೈ ಸೀಳಿದ್ರೆ ಲೋಹ ಆ ಸೀಳಿಗೆ ನುಗ್ಗಿ ನಾಣ್ಯದ ಮೇಲೆ ಉಬ್ಬಿದ ಗೆರೆಯಾಗತ್ತೆ (ತಗ್ಗಾಗಿದ್ರೆ ಸುಮ್ನೆ ಗೀರು, ಬಿಟ್ಹಾಕಿ). ಸಂಜೆ ಒಂದೇ ಇಸವಿಯ ಎರಡು ನಾಣ್ಯ ಪಕ್ಕಪಕ್ಕ ಇಟ್ಟು ನೋಡ್ತಿದ್ರೆ ಎರಡರಲ್ಲೂ ಅದೇ ಜಾಗದಲ್ಲಿ ಗೆರೆ, ಒಂದ್ರಲ್ಲಿ ಗಿಡ್ಡ, ಇನ್ನೊಂದ್ರಲ್ಲಿ ಬೆಳೆದು ಅಂಚಿಗೆ ಮುಟ್ಟಿದೆ, ಅಂದ್ರೆ ಎರಡೂ ಒಂದೇ ಡೈಯಿಂದ ಬಂದ್ವು, ಗಿಡ್ಡದ್ದು ಮೊದ್ಲು ಹುಟ್ಟಿದ್ದು! ಅಕ್ಕನ್ನ ಕರೆದು ತೋರ್ಸ್ದೆ, ಹೂಂ ಅಂದ್ಲು. ಇದನ್ನ ವೆರೈಟಿ ಅನ್ನೋಕೆ ಮನಸ್ಸಿಲ್ಲ, ಡೈ ಸವೆಯುತ್ತಾ ಹೋದಾಗಿನ ಒಂದೊಂದು ಹಂತ ಇವು, ಅಚ್ಚಿನ ವಯಸ್ಸು ಅಂತಾರಲ್ಲ ಹಾಗೆ. ಎರಡನ್ನೂ ಒಂದೇ ಕವರ್‌ಗೆ ಹಾಕಿ ಮೇಲೆ ಪೆನ್ಸಿಲ್‌ನಲ್ಲಿ ಬರ್ದಿಟ್ಟೆ. ಕೆಂಪು ಪೆನ್ ಸದ್ಯಕ್ಕೆ ಡ್ರಾಯರ್‌ನಲ್ಲೇ ಇರ್ಲಿ.