ಮ್ಯಾಜಿಕ್ ಒಂದು ಕಡೆ, ಕರಿ ಒಂದು ಕಡೆ

ಬಳ್ಳಾರಿ ಬಿಸಿಲಿಗೆ ಬೆಳಿಗ್ಗೆ ಎಂಟರ ಮೇಲೆ ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ನಿಲ್ಲೋಕಾಗಲ್ಲ. ಆಟ ಮುಗಿಸಿ, ಮಂಡಕ್ಕಿ ಒಗ್ಗರಣೆ, ಮಿರ್ಚಿ ಹಿಡಿದು ಬೇವಿನ ಮರದ ಕೆಳಗೆ ಕೂತರೆ ಅದೇ ಚರ್ಚೆ. ಚೆಂಡು ಹಿಡಿದು ಆಟ ನಡೆಸೋ ಗಾರ್ಡ್‌ಗಳಲ್ಲಿ ಯಾರು ದೊಡ್ಡವರು, ಅಮೆರಿಕದ ಹಳೇ ಆಟಗಾರ ಮ್ಯಾಜಿಕ್ ಜಾನ್ಸನ್ನಾ, ಆಮೇಲೆ ಬಂದ ಸ್ಟೀಫನ್ ಕರಿನಾ?

ಹುಡುಗರೆಲ್ಲ ಕರಿ ಕಡೆ. 2015-16ರ ಒಂದೇ ಸೀಸನ್ನಿನಲ್ಲಿ ಕರಿ 402 ತ್ರೀ (ದೂರದ ಗೆರೆಯಾಚೆಯಿಂದ ಹಾಕೋ ಮೂರು ಪಾಯಿಂಟಿನ ಶಾಟ್) ಹಾಕಿದರು, ಮ್ಯಾಜಿಕ್ ಎಲ್ಲಾ ಸೀಸನ್ ಸೇರಿ ಹಾಕಿದ್ದು 325. ಆದರೆ ಸುಮ್ನೆ ಈ ಲೆಕ್ಕ ಇಟ್ಟುಕೊಂಡು ತೀರ್ಪು ಕೊಡೋದು ತಪ್ಪು. ಇವರಿಬ್ಬರೂ ಆಡಿದ ಅಮೆರಿಕದ ಲೀಗ್ ಎನ್‌ಬಿಎಗೆ ತ್ರೀ ಗೆರೆ ಬಂದಿದ್ದೇ 1979ರಲ್ಲಿ, ಮ್ಯಾಜಿಕ್ ಬಂದ ವರ್ಷ. ಆಗ ಅಷ್ಟು ದೂರದ ಶಾಟನ್ನು ಯಾರೂ ಜಾಸ್ತಿ ನಂಬುತ್ತಿರಲಿಲ್ಲ.

ನನ್ನ ಮನಸ್ಸು ಮ್ಯಾಜಿಕ್ ಕಡೆಗೇ. ಆರು ಅಡಿ ಒಂಬತ್ತು ಇಂಚಿನ ಗಾರ್ಡ್! 1980ರ ಫೈನಲ್ಸ್‌ನ ಆರನೇ ಪಂದ್ಯಕ್ಕೆ ಕಾಲು ಉಳುಕಿ ತಂಡದ ಸೆಂಟರ್ (ಬುಟ್ಟಿ ಹತ್ತಿರ ಆಡೋ ಎತ್ತರದ ಆಟಗಾರ) ಕರೀಮ್ ಅಬ್ದುಲ್ ಜಬ್ಬಾರ್ ಇರಲಿಲ್ಲ, ಇಪ್ಪತ್ತರ ಈ ಹುಡುಗ ಆ ಜಾಗದಲ್ಲಿ ಸೆಂಟರ್ ಆಗಿ ನಿಂತು 42 ಪಾಯಿಂಟ್, 15 ರೀಬೌಂಡ್ (ತಪ್ಪಿದ ಶಾಟಿನ ಚೆಂಡು ಹಿಡಿಯೋದು), 7 ಅಸಿಸ್ಟ್ (ಜೊತೆಯವರು ಬುಟ್ಟಿಗೆ ಹಾಕೋ ಹಾಗೆ ಪಾಸ್ ಕೊಡೋದು) ಮಾಡಿ ಕಪ್ಪನ್ನೇ ಗೆಲ್ಲಿಸಿಬಿಟ್ಟ.

ಆದರೂ ನಿನ್ನೆ ಒಬ್ಬ ಹೈಸ್ಕೂಲ್ ಹುಡುಗಿ ಕೆಂಪು ಧೂಳು ಮೆತ್ತಿದ ಚೆಂಡನ್ನು ಚಡ್ಡಿಗೆ ಒರೆಸಿ, ಗೆರೆಗಿಂತ ಎರಡು ಹೆಜ್ಜೆ ಹಿಂದಿನಿಂದ ಎಸೆದಳು. ಬಲೆ ಮಾತ್ರ ಅಲ್ಲಾಡಿತು. ಕರಿ ಬರದೇ ಇದ್ದಿದ್ದರೆ ಅಲ್ಲಿಂದ ಎಸೆಯೋಕೆ ಯಾವ ಕೋಚ್ ಬಿಡುತ್ತಿದ್ದರು, ಅಲ್ವಾ?