ಬಂದಷ್ಟು ಕಳಿಸುವ ಹೃದಯ

ಕಾಲೇಜು ಪತ್ರಿಕೆಗೆ ನೆನಪು ಬರೆದು ಕೊಡಿ ಎಂದರೆ ಎಲ್ಲರೂ ಕ್ಯಾಂಟೀನು, ಮುಷ್ಕರ, ಕುಂಬಳೆ ಬಸ್ಸಿನ ರಶ್ಶು ಅಂತ ಬರೆಯುತ್ತಾರೆ. ಮುಷ್ಕರ ನಮ್ಮ ಕಾಲದಲ್ಲೂ ಬೇಕಾದಷ್ಟಿತ್ತು. ಕೇರಳದ ಕಾಲೇಜು, ಕೇಳಬೇಕೇ! ನಾನು ಮಾತ್ರ ಪ್ರಾಣಿಶಾಸ್ತ್ರದ ಲ್ಯಾಬನ್ನೇ ಹಿಡಿದುಕೊಳ್ಳುತ್ತೇನೆ. ಈಗ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ತೆಗೆಯುವುದು ನನ್ನ ಕೆಲಸ. ಬೆಳಗಿನಿಂದ ಸಂಜೆವರೆಗೆ ಪರದೆಯ ಮೇಲೆ ಬೇರೆಯವರ ಹೃದಯ ನೋಡುವುದು. ಆ ಲ್ಯಾಬಿನಲ್ಲಿ ಕಲಿತದ್ದು ಇವತ್ತಿಗೂ ಅನ್ನ ಹಾಕುತ್ತಿದೆ.

ನಾವು ಹತ್ತನೇ ತನಕ ಕನ್ನಡ ಮೀಡಿಯಂನವರು. ಕಾಲೇಜಿನ ಪುಸ್ತಕ ಇಂಗ್ಲಿಷು. ಮನೆಯಲ್ಲಿ ಒಬ್ಬನದು ತುಳು, ಒಬ್ಬಳದು ಹವ್ಯಕ, ಇನ್ನೊಬ್ಬಳದು ಮರಾಠಿ, ಬಸ್ಸು ಹತ್ತಿದರೆ ಎಲ್ಲರದೂ ಮಲಯಾಳ. ನಮ್ಮ ಮಾಷ್ಟ್ರು ಒಂದು ಪುಟ ಓದಿ, ಪುಸ್ತಕ ಮಡಚಿಟ್ಟು, ಕನ್ನಡದಲ್ಲಿ ಮೊದಲಿಂದ ಶುರು ಮಾಡುತ್ತಿದ್ದರು. ಒಂದು ದಿನ ಕೇಳಿದರು: "ಮೀನಿನ ದೋಣಿಯನ್ನು ದಡಕ್ಕೆ ಎಳೆಯುವುದು ನೋಡಿದ್ದೀರಲ್ಲ? ಭಾರ ಜಾಸ್ತಿಯಾದರೆ ಏನು ಮಾಡುತ್ತಾರೆ?"

"ಇನ್ನೂ ನಾಲ್ಕು ಜನರನ್ನು ಕರೆಯುತ್ತಾರೆ ಸಾರ್."

"ಕೈಯ ಸ್ನಾಯು ಮಾಡುವುದೂ ಅದನ್ನೇ. ಹಗುರ ಎತ್ತುವಾಗ ಸ್ವಲ್ಪ ಎಳೆಗಳು, ಭಾರ ಎತ್ತುವಾಗ ಜಾಸ್ತಿ ಎಳೆಗಳು. ಹೃದಯದಲ್ಲಿ ಹಾಗೆ ಕರೆಯಲು ಯಾರೂ ಉಳಿದಿಲ್ಲ. ಪ್ರತಿ ಬಡಿತಕ್ಕೂ ಎಲ್ಲರ ಕೈಯೂ ಹಗ್ಗದ ಮೇಲೆಯೇ."

ಹೃದಯದ ಕೋಶಗಳು ಒಂದಕ್ಕೊಂದು ಬೆಸೆದುಕೊಂಡಿವೆ. ಒಂದಕ್ಕೆ ವಿದ್ಯುತ್ ಸಂಕೇತ ತಟ್ಟಿದರೆ ಎಲ್ಲಕ್ಕೂ ಹೋಗುತ್ತದೆ. ಬೌಡಿಚ್ ಎಂಬ ಅಮೆರಿಕದವರು 1871ರಲ್ಲಿ ಜರ್ಮನಿಯ ಲೈಪ್ಸಿಗ್‌ನಲ್ಲಿ ಕಪ್ಪೆಯ ಹೃದಯದಲ್ಲಿ ಇದನ್ನು ತೋರಿಸಿಕೊಟ್ಟಿದ್ದರು. ಬಡಿದರೆ ಪೂರ್ತಿ ಬಡಿಯುತ್ತದೆ, ಇಲ್ಲದಿದ್ದರೆ ಇಲ್ಲವೇ ಇಲ್ಲ. ಹಾಗಾದರೆ ಓಡುವಾಗ ಹೆಚ್ಚಿನ ಬಲ ಎಲ್ಲಿಂದ ಬರುತ್ತದೆ? ಉತ್ತರ ಹೇಳದೆ ಮಾಷ್ಟ್ರು ಅವತ್ತು ಗಂಟೆ ಮುಗಿಸಿದರು. ಇದು ಅವರ ಹಳೇ ಅಭ್ಯಾಸ.

ಮಳೆಗಾಲದಲ್ಲಿ ಅಟೆಂಡರಣ್ಣ ಗದ್ದೆಯಿಂದ ಗೋಣಿಚೀಲದಲ್ಲಿ ಕಪ್ಪೆ ತರುತ್ತಿದ್ದರು. ಈಗ ಕಪ್ಪೆ ಕೊಯ್ಯುವುದೆಲ್ಲ ನಿಂತಿದೆ, ಒಳ್ಳೆಯದೇ ಆಯಿತು. ಆದರೆ ಅವತ್ತು ಕಂಡದ್ದು ಕಣ್ಣಿನಿಂದ ಹೋಗುವುದಿಲ್ಲ. ಮೇಣದ ಟ್ರೇಯಲ್ಲಿ ಎದೆ ತೆರೆದಾಗ ಹೃದಯ ತುಂಬಿದಾಗ ಕೆಂಪು, ಹಿಂಡಿದಾಗ ಬಿಳಿಚು. ಅದನ್ನು ಬಿಡಿಸಿ ವಾಚ್ ಗ್ಲಾಸಿನ ರಿಂಗರ್ ದ್ರಾವಣದಲ್ಲಿ ಇಟ್ಟರು. ನರ ಇಲ್ಲ, ಮೈ ಇಲ್ಲ, ಆದರೂ ಅದರಷ್ಟಕ್ಕೆ ಬಡಿಯುತ್ತಲೇ ಇತ್ತು. ಡ್ರಾಪರಿನಿಂದ ಒಂದು ಹನಿ ಅಡ್ರಿನಾಲಿನ್, ಅಂದರೆ ಹೆದರಿಕೆ ಉದ್ವೇಗದಲ್ಲಿ ಮೈ ಸುರಿಸುವ ಹಾರ್ಮೋನು, ಬಿಟ್ಟರು. ಬಡಿತ ಜೋರಾಯಿತು. ಪ್ರತಿ ಹಿಂಡಿಗೂ ದ್ರಾವಣದ ಮೇಲೆ ಸಣ್ಣ ಅಲೆ ಏಳುವುದು ಹಿಂದಿನ ಸಾಲಿನವರಿಗೂ ಕಂಡಿತು.

ಆ ದ್ರಾವಣದ ಕಥೆಯೂ ಚಂದ. ಲಂಡನ್ನಿನ ಸಿಡ್ನಿ ರಿಂಗರ್ 1882ರಲ್ಲಿ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟರು, ಚೆನ್ನಾಗಿ ಬಡಿಯಿತು. ಆಮೇಲೆ ತಿಳಿಯಿತು, ಉಪ್ಪು ಕರಗಿಸಿದ್ದು ಬಟ್ಟಿ ಇಳಿಸಿದ ನೀರಿನಲ್ಲಲ್ಲ, ಸುಮ್ನೆ ನಳ್ಳಿ ನೀರಿನಲ್ಲಿ! ಬಟ್ಟಿ ನೀರಿನಲ್ಲಿ ಮಾಡಿ ನೋಡಿದರೆ ಹೃದಯ ಸೋತು ನಿಂತೇ ಬಿಟ್ಟಿತು. ನಳ್ಳಿ ನೀರಿನಲ್ಲಿದ್ದ ಕ್ಯಾಲ್ಸಿಯಂ ಅದನ್ನು ನಡೆಸುತ್ತಿತ್ತು. ನಾವು ಕಪ್ಪೆಗೆ ಮಾಡುತ್ತಿದ್ದ ದ್ರಾವಣದಲ್ಲಿ ಲೀಟರಿಗೆ ಉಪ್ಪು 6.5 ಗ್ರಾಂ, ಕ್ಯಾಲ್ಸಿಯಂ ಕ್ಲೋರೈಡ್ ಬರೀ 0.12 ಗ್ರಾಂ.

ಹೆಚ್ಚಿನ ಬಲ ಎಲ್ಲಿಂದ ಎಂಬುದಕ್ಕೆ ಮಾಷ್ಟ್ರ ಮೊದಲ ಉತ್ತರ ಇಲ್ಲಿತ್ತು. ಪ್ರತಿ ಬಡಿತಕ್ಕೆ ಹೊರಗಿನಿಂದ ಸ್ವಲ್ಪ ಕ್ಯಾಲ್ಸಿಯಂ ಕೋಶದೊಳಗೆ ಬರುತ್ತದೆ. ಅದು ಒಳಗಿನ ದಾಸ್ತಾನಿನ ಬಾಗಿಲು ತೆರೆಸುತ್ತದೆ. ಹೊರಬಂದ ಕ್ಯಾಲ್ಸಿಯಂ ಟ್ರೋಪೋನಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಾಗ ಕೋಶದೊಳಗಿನ ಸಣ್ಣ ಎಳೆಗಳು ಒಂದನ್ನೊಂದು ಹಿಡಿದು ಎಳೆಯುತ್ತವೆ. ಸುಮ್ನೆ ಕೂತಿರುವಾಗ ಬರುವ ಕ್ಯಾಲ್ಸಿಯಂ ಎಲ್ಲ ಹಿಡಿತಗಳಿಗೂ ಸಾಲುವಷ್ಟು ಇರುವುದಿಲ್ಲ. ಖಾಲಿ ಉಳಿದ ಆ ಹಿಡಿತಗಳೇ ಹೃದಯದ ಮೀಸಲು ಬಲ. ಅಡ್ರಿನಾಲಿನ್ ಬಂದರೆ ಕ್ಯಾಲ್ಸಿಯಂ ಜಾಸ್ತಿ ಬರುತ್ತದೆ, ಬೇಗ ವಾಪಸೂ ಹೋಗುತ್ತದೆ. ಬೇಗ ಸಡಿಲವಾಗಲೇಬೇಕು. ಇಲ್ಲದಿದ್ದರೆ ಬಡಿತ ಹೆಚ್ಚಿದಾಗ ತುಂಬಿಕೊಳ್ಳಲು ಸಮಯ ಎಲ್ಲಿ?

ಎರಡನೇ ಉತ್ತರ ನನಗೆ ಹೆಚ್ಚು ಇಷ್ಟ. ಮಾಷ್ಟ್ರು ಬೋರ್ಡಿನಲ್ಲಿ ಲೆಕ್ಕ ಹಾಕಿದರು. ಶ್ವಾಸಕೋಶಕ್ಕೆ ರಕ್ತ ಕಳಿಸುವ ಬಲಗಡೆಯ ಹೃದಯ, ಮೈಗೆ ಕಳಿಸುವ ಎಡಗಡೆಗಿಂತ ಬಡಿತಕ್ಕೆ ಒಂದೇ ಒಂದು ಮಿಲಿಲೀಟರ್ ಜಾಸ್ತಿ ತಳ್ಳುತ್ತದೆ ಅಂತಿಟ್ಟುಕೊಳ್ಳಿ. ನಿಮಿಷಕ್ಕೆ 70. ಗಂಟೆಗೆ 4,200. ಮೈಯಲ್ಲಿರುವುದೇ ಹತ್ತಿರ ಹತ್ತಿರ ಐದು ಲೀಟರು ರಕ್ತ. ಅಂದರೆ ಒಂದು ಪೀರಿಯಡ್ ಮುಗಿಯುವ ಮೊದಲೇ ಶ್ವಾಸಕೋಶದಲ್ಲಿ ಮುಳುಗಿ ಸಾಯಬೇಕಿತ್ತು. "ಸತ್ತಿದ್ದೀರಾ?" ಅಂತ ಕೇಳಿ ಚಾಕ್ ಕೆಳಗಿಟ್ಟರು.

ಹಾಗಾಗದಿರಲು ಕಾರಣ ಸ್ನಾಯುವಿನ ಒಂದು ಗುಣ. ರಕ್ತ ಹೆಚ್ಚು ತುಂಬಿ ಗೋಡೆ ಹಿಗ್ಗಿದಷ್ಟೂ ಮುಂದಿನ ಹಿಂಡಿಗೆ ಬಲ ಜಾಸ್ತಿ. ಹಿಗ್ಗಿದ ಎಳೆಗಳು ಅಷ್ಟೇ ಕ್ಯಾಲ್ಸಿಯಂನಲ್ಲಿ ಹೆಚ್ಚು ಕೆಲಸ ಮಾಡುತ್ತವೆ. ಬಲಗಡೆಯಿಂದ ಸ್ವಲ್ಪ ಜಾಸ್ತಿ ಬಂದರೆ ಕೆಲವೇ ಬಡಿತಗಳಲ್ಲಿ ಎಡಗಡೆಯೂ ಅಷ್ಟನ್ನು ಹೊರಗೆ ಕಳಿಸುತ್ತದೆ. ಮೆದುಳನ್ನು ಕೇಳುವ ಅಗತ್ಯವೇ ಇಲ್ಲ. ಓಟ್ಟೊ ಫ್ರಾಂಕ್ 1895ರಲ್ಲಿ ಕಪ್ಪೆಯಲ್ಲಿ, ಅರ್ನೆಸ್ಟ್ ಸ್ಟಾರ್ಲಿಂಗ್ ಮತ್ತು ಜೊತೆಗಾರರು 1914ರಲ್ಲಿ ನಾಯಿಯ ಹೃದಯದಲ್ಲಿ ಇದನ್ನು ಅಳೆದರು. ನಿಯಮಕ್ಕೆ ಈಗ ಇಬ್ಬರ ಹೆಸರೂ ಇದೆ.

ಎರಡು ಉತ್ತರಗಳೂ ನನ್ನ ಮೈಯಲ್ಲೇ ಕಂಡದ್ದು ಕಾಲೇಜು ದಿನಾಚರಣೆಯ ಯಕ್ಷಗಾನದಲ್ಲಿ. ಚೌಕಿಯಲ್ಲಿ ಬಣ್ಣ ಹಚ್ಚಿ ಕೂತಿದ್ದೇನೆ, ಕಾಲು ಇನ್ನೂ ಅಲುಗಿಲ್ಲ, ಎದೆ ಮಾತ್ರ ಧಡಧಡ. ಅದು ನರ ಮತ್ತು ಅಡ್ರಿನಾಲಿನ್ ಕೆಲಸ. ರಂಗಕ್ಕೆ ಹೋಗಿ ಕುಣಿಯತೊಡಗಿದ ಮೇಲೆ ಕಾಲಿನ ಸ್ನಾಯುಗಳು ರಕ್ತವನ್ನು ಹಿಂಡಿ ಮೇಲೆ ಕಳಿಸುತ್ತವೆ, ಹೃದಯ ಜಾಸ್ತಿ ತುಂಬುತ್ತದೆ. ಅಲ್ಲಿಂದ ಸ್ಟಾರ್ಲಿಂಗ್ ನಿಯಮವೂ ಕೈ ಜೋಡಿಸುತ್ತದೆ. ಗೆಜ್ಜೆ ಬಿಚ್ಚುವಾಗ ಮಾಷ್ಟ್ರು ಬಂದು ನಾಡಿ ಹಿಡಿದು ನೋಡಿದ್ದರು. ಕುಣಿತದ ಬಗ್ಗೆ ಒಂದು ಮಾತೂ ಆಡಲಿಲ್ಲ!

ಎಕೋ ರೂಮಿನಲ್ಲಿ ಎಷ್ಟೋ ಜನ ಹೇಳುತ್ತಾರೆ, "ಒಂದು ಬಡಿತ ತಪ್ಪಿದ ಹಾಗೆ ಆಗ್ತದೆ, ಆಮೇಲೆ ಧಡ್ ಅಂತ ಹೊಡೀತದೆ." ಅವಧಿಗೆ ಮೊದಲೇ ಬಂದ ಬಡಿತಕ್ಕೆ ಸರಿಯಾಗಿ ತುಂಬಲು ಸಮಯ ಸಿಕ್ಕಿರುವುದಿಲ್ಲ, ಅದು ಗೊತ್ತೇ ಆಗುವುದಿಲ್ಲ. ಆಮೇಲಿನ ಉದ್ದ ಬಿಡುವಿನಲ್ಲಿ ರಕ್ತ ಚೆನ್ನಾಗಿ ತುಂಬುತ್ತದೆ, ಕ್ಯಾಲ್ಸಿಯಂ ದಾಸ್ತಾನೂ ಹೆಚ್ಚುತ್ತದೆ. ಮುಂದಿನದು ಜೋರಾಗಿ ಹೊಡೆಯುತ್ತದೆ. ಪರದೆಯಲ್ಲಿ ಅದು ಬಂದಾಗ ಅವರಿಗೇ ತೋರಿಸುತ್ತೇನೆ. ಇನ್ನು ಕೆಲವರ ಹೃದಯ ಸೋತು, ದೊಡ್ಡದಾಗಿ, ಎಷ್ಟು ಹಿಗ್ಗಿದರೂ ಬಲ ಏರುವುದಿಲ್ಲ. ಅವರಿಗೆ ಏನನ್ನೂ ತೋರಿಸಲು ಹೋಗುವುದಿಲ್ಲ, ಡಾಕ್ಟರೇ ಮಾತಾಡುತ್ತಾರೆ.

ಹೆಸರು ವಿವರ ತೆಗೆದ ಎಕೋ ವೀಡಿಯೊಗಳು ನನ್ನ ಲ್ಯಾಪ್‌ಟಾಪಿನಲ್ಲಿವೆ, ತೋರಿಸಲು ಒಪ್ಪಿಗೆಯೂ ಇದೆ. ಡಿಪಾರ್ಟ್‌ಮೆಂಟಿನವರು ಒಂದು ಶನಿವಾರ ಹೇಳಿದರೆ ತಂದು ತೋರಿಸುತ್ತೇನೆ. ಪ್ರೊಜೆಕ್ಟರ್ ಸರಿ ಇರುವ ದಿನ ನೋಡಿ ಹೇಳಿ, ಅಷ್ಟೇ.