ಸ್ಟಾಫ್ ಕಾನ್ಫರೆನ್ಸ್‌ಗೆ ಹೋಗಿ ಬಂದ ಸೇವಕರು ಅಲ್ಲಿಂದ ತರುವುದೇನು?

"ನಾಲ್ಕು ದಿನ ಕಾನ್ಫರೆನ್ಸ್ ಅಂತ ಹೋಗಿದ್ರಲ್ಲಾ ಬ್ರದರ್, ಏನು ಸಿಕ್ತು?" ಕ್ರೈಸ್ತ ಸಂಸ್ಥೆಗಳಲ್ಲಿ ಪೂರ್ಣಾವಧಿ ಸೇವೆಯಲ್ಲಿರುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ತಿಂಗಳು ತಿಂಗಳು ಕಾಣಿಕೆ ಕಳಿಸುವವರು ಕೇಳಿದಾಗ ಅದರೊಳಗೆ ಲೆಕ್ಕವೂ ಇರುತ್ತದೆ: ಆ ದುಡ್ಡಲ್ಲಿ ಹಳ್ಳಿ ಸೇವೆ ಮಾಡಬಹುದಿತ್ತಲ್ಲ? ಹೊಸದಾಗಿ ಸೇವೆಗೆ ಸೇರಿದವರು ಕೇಳುವುದಕ್ಕೆ ಕಾರಣ ಬೇರೆ. ಹೋದ ಸಲ ನೋಟ್‌ಬುಕ್ ತುಂಬ ಬರೆದುಕೊಂಡು ಬಂದರೂ ತಿಂಗಳೊಳಗೆ ಎಲ್ಲ ಮೊದಲಿನಂತೆಯೇ ಆಗಿರುತ್ತದೆ.

ಉತ್ತರ ಇಷ್ಟೇ: ಕೇಳುವವರಾಗಿ ಕೂತವರಿಗೆ ಬಹಳ ಸಿಗುತ್ತದೆ. ಅಲ್ಲೂ ಪ್ರಸಂಗಿಗಳಾಗಿಯೇ, ಅಂದರೆ ಉಪದೇಶ ಮಾಡುವವರಾಗಿಯೇ, ಕೂತವರಿಗೆ ನೋಟ್ಸ್ ಸಿಗುತ್ತದೆ.

ಸ್ಟಾಫ್ ಕಾನ್ಫರೆನ್ಸನ್ನು ಉಜ್ಜೀವನ ಕೂಟದ (ಭಕ್ತಿಯನ್ನು ಹೊಸದು ಮಾಡುವ ಬಹಿರಂಗ ಸಭೆಯ) ಜೊತೆ ಸೇರಿಸಿ ನೋಡಬಾರದು. ಕೇರಳದ ಪಂಪಾ ನದಿಯ ಮರಳ ಮೇಲೆ 1895ರಿಂದ ನಡೆಯುತ್ತಿರುವ ಮಾರಾಮಣ್ ಕನ್ವೆನ್ಷನ್‌ಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಸ್ಟಾಫ್ ಕಾನ್ಫರೆನ್ಸ್ ಒಂದೇ ಸಂಸ್ಥೆಯ ಕೆಲಸಗಾರರಿಗೆ ಮಾತ್ರ, ಕೆಲವೊಮ್ಮೆ ಅವರ ಮನೆಯವರಿಗೂ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ, ಮೂರರಿಂದ ಐದು ದಿನ. ಅಮೆರಿಕದಲ್ಲಿ 1951ರಲ್ಲಿ ಶುರುವಾದ, ವಿದ್ಯಾರ್ಥಿಗಳ ನಡುವೆ ಸೇವೆ ಮಾಡುವ ಕ್ಯಾಂಪಸ್ ಕ್ರುಸೇಡ್, ಅಂದರೆ ಈಗಿನ ಕ್ರೂ, ದಶಕಗಳ ಕಾಲ ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನ ವಿಶ್ವವಿದ್ಯಾಲಯದಲ್ಲಿ ತನ್ನ ಸಾವಿರಾರು ಸಿಬ್ಬಂದಿಯನ್ನು ಹೀಗೆ ಸೇರಿಸುತ್ತಿತ್ತು. ನಮ್ಮಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿರುವ ಎಕ್ಯುಮೆನಿಕಲ್ ಕ್ರಿಶ್ಚಿಯನ್ ಸೆಂಟರ್‌ನಂಥ ಜಾಗದಲ್ಲೋ ಊರಾಚೆಯ ರಿಟ್ರೀಟ್ ಸೆಂಟರ್‌ನಲ್ಲೋ ನೂರು ಜನ ಸೇರಿದರೆ ಅದೇ ದೊಡ್ಡ ಕಾನ್ಫರೆನ್ಸ್. ಬೆಳಗಿನ ಪ್ರಾರ್ಥನೆ, ವಾಕ್ಯಧ್ಯಾನ (ಬೈಬಲ್ ವಚನಗಳ ಮೇಲಿನ ಭಾಷಣ), ವರ್ಕ್‌ಶಾಪ್, ಮಧ್ಯಾಹ್ನ ವಲಯವಾರು ಮೀಟಿಂಗ್, ಸಂಜೆ ಆರಾಧನೆ. ಸಂಸ್ಥೆ ಯಾವುದಾದರೂ ದಿನಚರಿ ಹೆಚ್ಚುಕಮ್ಮಿ ಇದೇ.

ತೊಡಕು ಶುರುವಾಗುವುದು ವಾಕ್ಯಧ್ಯಾನದಲ್ಲೇ. ವಾರಕ್ಕೆ ಮೂರು ನಾಲ್ಕು ಕಡೆ ಮಾತಾಡುವವರಿಗೆ ಕಿವಿಗೆ ಬಿದ್ದದ್ದೆಲ್ಲ ಮುಂದಿನ ಪ್ರಸಂಗದ ಸರಕಾಗುತ್ತದೆ. ಒಳ್ಳೆಯ ದೃಷ್ಟಾಂತ ಬಂತೆಂದರೆ ಪೆನ್ನು ಓಡುತ್ತದೆ. ಪಶ್ಚಾತ್ತಾಪದ ಮಾತು ಬಂದರೆ ಊರಿನ ಯಾವ ವಿಶ್ವಾಸಿಗೆ ಇದು ತಾಗಬೇಕಿತ್ತು ಎಂದು ಮನಸ್ಸು ಹುಡುಕುತ್ತದೆ. ಇದು ಕಪಟವಲ್ಲ, ವೃತ್ತಿಯ ಚಾಳಿ. ಆದರೆ ಬೇರೆಯವರಿಗಾಗಿ ಕೇಳಿಸಿಕೊಂಡ ಮಾತು ತನಗೆ ತಾಗದೆ ಹಾದುಹೋಗುತ್ತದೆ.

ಇದಕ್ಕೆ ಎರಡು ಕಟ್ಟುಪಾಡು ಸಾಕು. ಪುಟದ ಮಧ್ಯೆ ಗೆರೆ ಎಳೆದು, ಎಡಕ್ಕೆ ಭಾಷಣಕಾರರು ಹೇಳಿದ್ದನ್ನು, ಬಲಕ್ಕೆ ಅದು ತನ್ನ ಬಗ್ಗೆ ಹೇಳುವುದನ್ನು ಮಾತ್ರ ಬರೆಯುವುದು. ಬಲಭಾಗದ ವಾಕ್ಯ 'ನಾನು' ಎಂದೇ ಶುರುವಾಗಬೇಕು. 'ನಾವು' ಎಂದು ಬರೆದರೆ ಮತ್ತೆ ಪ್ರಸಂಗದ ವಾಸನೆ. ಎರಡನೆಯದು, ವಾಪಸ್ ಬಂದ ಮೇಲೆ ನಾಲ್ಕು ಭಾನುವಾರ ಆ ನೋಟ್ಸ್‌ನಿಂದ ಪ್ರಸಂಗ ಮಾಡಬಾರದು. ಇದು ಕಷ್ಟ, ಯಾಕೆಂದರೆ ಬಂದ ಮೊದಲ ಭಾನುವಾರ ತಯಾರಿಗೆ ಸಮಯವೇ ಇರುವುದಿಲ್ಲ. ಆದ್ದರಿಂದ ಆ ಭಾನುವಾರದ್ದನ್ನು ಹೊರಡುವ ಮೊದಲೇ ಸಿದ್ಧಮಾಡಿಟ್ಟು ಹೋಗಬೇಕು, ಇಲ್ಲವೇ ಇನ್ನೊಬ್ಬರಿಗೆ ಒಪ್ಪಿಸಿ ಹೋಗಬೇಕು.

ಭಾಷೆಯ ಲೆಕ್ಕವನ್ನು ಆಯೋಜಕರು ಸದಾ ಮರೆಯುತ್ತಾರೆ. ವೇದಿಕೆಯಲ್ಲಿ ಇಂಗ್ಲಿಷ್, ಪಕ್ಕದಲ್ಲಿ ಕನ್ನಡ ಅನುವಾದಕರು ಎಂದಾದರೆ 40 ನಿಮಿಷದ ಭಾಷಣದಲ್ಲಿ ವಿಷಯ ಇರುವುದು 20 ನಿಮಿಷದ್ದು. ಇದನ್ನು ಭಾಷಣಕಾರರಿಗೆ ಮೊದಲೇ ಹೇಳದಿದ್ದರೆ ಅವರು 40 ನಿಮಿಷದ ಸರಕನ್ನೇ ತಂದು ಕೊನೆಯ ಹತ್ತು ನಿಮಿಷ ಓಡುತ್ತಾರೆ. ಅನ್ವಯದ ಭಾಗ ಇರುವುದು ಆ ಓಟದಲ್ಲೇ. ಅನುವಾದಕರ ಕೈಗೆ ಟಿಪ್ಪಣಿ ಹಿಂದಿನ ರಾತ್ರಿಯೇ ಸೇರಬೇಕು, ವಚನಗಳ ಪಟ್ಟಿಯಂತೂ ಕಡ್ಡಾಯ. ಚಿಕ್ಕ ಗುಂಪುಗಳನ್ನಾದರೂ ಭಾಷೆವಾರು ಮಾಡಬೇಕು. ರಾಯಚೂರಿನ ಹಳ್ಳಿಯಲ್ಲಿ ಹತ್ತು ವರ್ಷ ದುಡಿದ ಅಣ್ಣ ಇಂಗ್ಲಿಷ್ ಗುಂಪಿನಲ್ಲಿ ನಾಲ್ಕು ದಿನವೂ ನಗುತ್ತಾ ತಲೆಯಾಡಿಸಿ ಎದ್ದು ಹೋಗುತ್ತಾರೆ. ಗುಂಪಿಗೆ ಕಲಿಸಬಲ್ಲವರು ಅವರೇ ಆಗಿರುತ್ತಾರೆ!

ಇನ್ನು ಎಲ್ಲರೂ ಚಹಾಕ್ಕೆ ಎದ್ದು ಹೋಗುವ ಸೆಷನ್: ಕಾನೂನು ಮತ್ತು ಲೆಕ್ಕಪತ್ರ. ಇಡೀ ಕಾನ್ಫರೆನ್ಸ್‌ನಲ್ಲಿ ತಪ್ಪಿಸಿಕೊಳ್ಳಬಾರದ್ದು ಇದೊಂದೇ ಎಂದರೆ ಅತಿಶಯವಲ್ಲ. ಸಂಡೇ ಸ್ಕೂಲು, ವಿ.ಬಿ.ಎಸ್. (ರಜೆಯ ಬೈಬಲ್ ಶಾಲೆ), ಹಾಸ್ಟೆಲ್ ನಡೆಸುವವರು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19 ಮತ್ತು 21ನೇ ಸೆಕ್ಷನ್‌ಗಳನ್ನು ತಿಳಿದಿರಲೇಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ತನ್ನ ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು, ಜೊತೆಗೆ ದಂಡ. 'ಚರ್ಚ್ ಒಳಗೇ ಪ್ರಾರ್ಥನೆ ಮಾಡಿ ಸರಿಪಡಿಸೋಣ' ಎನ್ನುವ ಹಿರಿಯರಿಗೆ ಇದನ್ನು ಓದಿ ಹೇಳಬೇಕಾಗುತ್ತದೆ. ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಬೇಕು. ಅದರ ಅಧ್ಯಕ್ಷೆ ಮಹಿಳೆ, ಕನಿಷ್ಠ ಅರ್ಧದಷ್ಟು ಸದಸ್ಯರು ಮಹಿಳೆಯರು, ಹೊರಗಿನವರೊಬ್ಬರು ಇರಲೇಬೇಕು. ಪಾಸ್ಟರಮ್ಮನವರ ಹೆಸರನ್ನು ಕಾಗದದಲ್ಲಿ ಬರೆದಿಟ್ಟರೆ ಸಮಿತಿಯಾಗುವುದಿಲ್ಲ.

ಹಣದ ವಿಷಯದಲ್ಲೂ ಹಾಗೆಯೇ. ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿ ಬಂದ ಮೇಲೆ ಆಡಳಿತ ವೆಚ್ಚದ ಮಿತಿ 50ರಿಂದ 20 ಶೇಕಡಾಕ್ಕೆ ಇಳಿದಿದೆ. ಒಂದು ಸಂಸ್ಥೆಗೆ ಬಂದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. 'ನಮ್ಮ ಸ್ಟಾಫ್‌ನ ಬಸ್ ಖರ್ಚನ್ನು ಆ ಮಿಷನ್‌ನವರು ಅವರ ಅಕೌಂಟಿಂದ ಹಾಕುತ್ತಾರೆ' ಎಂಬ ಹಳೆಯ ರೂಢಿ ಈಗ ಅಪಾಯ. ಪ್ರಯಾಣದ ಟಿಕೆಟ್, ಊಟದ ಬಿಲ್ಲು ಎಲ್ಲವನ್ನೂ ವಾಪಸಾದ ವಾರದೊಳಗೆ ಆಫೀಸಿಗೆ ಕೊಡುವುದು ಕೂಡ ಸೇವೆಯ ಭಾಗವೇ.

ವಿಶ್ರಾಂತಿಯ ಮಾತು ಎಲ್ಲ ಆಹ್ವಾನಪತ್ರದಲ್ಲೂ ಇರುತ್ತದೆ, ಕಾರ್ಯಕ್ರಮಪಟ್ಟಿಯಲ್ಲಿ ಇರುವುದಿಲ್ಲ. ಬೈಬಲಿನ ಮಾರ್ಕನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಸೇವೆಯಿಂದ ತಿರುಗಿ ಬಂದ ಶಿಷ್ಯರು ಮಾಡಿದ್ದನ್ನೆಲ್ಲ ವರದಿ ಹೇಳಿದಾಗ ಯೇಸು ಅವರನ್ನು ಜನರಿಲ್ಲದ ಕಡೆಗೆ ದಣಿವಾರಿಸಿಕೊಳ್ಳಲು ಕರೆಯುತ್ತಾನೆ. ಊಟಕ್ಕೂ ಪುರುಸೊತ್ತಿರಲಿಲ್ಲ ಎಂದು ಅಲ್ಲೇ ಬರೆದಿದೆ. (ದೋಣಿ ದಡ ಸೇರುವ ಮೊದಲೇ ಜನ ಅಲ್ಲಿಗೂ ಓಡಿ ಬಂದಿದ್ದರು ಎಂಬುದು ಬೇರೆ ಮಾತು.) 1 ಅರಸುಗಳು 19ರಲ್ಲಿ ಸಾಯಬೇಕೆಂದುಕೊಂಡ ಪ್ರವಾದಿ ಎಲೀಯನಿಗೆ ದೇವದೂತ ಮೊದಲು ಕೊಟ್ಟಿದ್ದು ರೊಟ್ಟಿ, ನೀರು ಮತ್ತು ಇನ್ನೊಂದು ನಿದ್ದೆ. ಒಂದು ಮಧ್ಯಾಹ್ನವನ್ನಾದರೂ ಪೂರ್ತಿ ಖಾಲಿ ಬಿಡಬೇಕು, ವಲಯದ ಮೀಟಿಂಗನ್ನು ಅದರೊಳಗೆ ತುರುಕಬಾರದು.

ಮಕ್ಕಳಿಗೆ ಪ್ರತ್ಯೇಕ ವ್ಯವಸ್ಥೆ ಇಲ್ಲದಿದ್ದರೆ ಈ ವಿಶ್ರಾಂತಿ ಗಂಡಸರದ್ದು ಮಾತ್ರ. ಸಂಬಳವಿಲ್ಲದೆ ಅಷ್ಟೇ ಸೇವೆ ಮಾಡುವ ಹೆಂಡತಿ ನಾಲ್ಕೂ ದಿನ ಹಾಲ್‌ನ ಹೊರಗೆ ಮಗುವನ್ನೆತ್ತಿಕೊಂಡು ನಿಂತಿರುತ್ತಾಳೆ. ಮಕ್ಕಳನ್ನು ನೋಡಿಕೊಳ್ಳಲು ಬೇರೆ ಚರ್ಚಿನಿಂದ ಸ್ವಯಂಸೇವಕರನ್ನು ಕರೆಸಬೇಕು. ಗುಂಪು ಎಷ್ಟೇ ಚಿಕ್ಕದಿದ್ದರೂ ಇಬ್ಬರಿಗಿಂತ ಕಡಿಮೆ ದೊಡ್ಡವರು ಇರಬಾರದು.

ಕೊನೆಯ ರಾತ್ರಿ ಸಮರ್ಪಣೆಯ ಕರೆ, ಅಂದರೆ ದೇವರ ಸೇವೆಗೆ ತಮ್ಮನ್ನು ಒಪ್ಪಿಸಿಕೊಳ್ಳುವ ಕರೆ. ಹಾಡು, ಕಣ್ಣೀರು, ಎದ್ದು ನಿಲ್ಲುವುದು. ಅದರಲ್ಲಿ ತಪ್ಪೇನಿಲ್ಲ. ಆದರೆ ಅವತ್ತೇ ರಾತ್ರಿ ಊರು ಬಿಡುವ, ಹೊಸ ಸೇವೆ ಶುರುಮಾಡುವ ನಿರ್ಧಾರವನ್ನು ಫೋನ್‌ನಲ್ಲಿ ಹೇಳಿಬಿಡಬಾರದು. ಬರೆದಿಟ್ಟು, ಎರಡು ವಾರ ಬಿಟ್ಟು, ಮೇಲ್ವಿಚಾರಕರ ಮುಂದೆ ಓದಿದಾಗ ಉಳಿಯುವುದು ಉಳಿಯಲಿ.

ಉಳಿದದ್ದಕ್ಕೂ ದಿನ, ಸಮಯ ಬೇಕು. 'ಇನ್ನು ಮುಂದೆ ಶಿಷ್ಯತ್ವಕ್ಕೆ ಒತ್ತು ಕೊಡುತ್ತೇನೆ' ಎಂಬುದು ನಿರ್ಧಾರವಲ್ಲ. 'ಜೂನ್ ಎರಡನೇ ವಾರದಿಂದ ಪ್ರತಿ ಗುರುವಾರ ಸಂಜೆ 5ಕ್ಕೆ ಇಬ್ಬರು ವಿದ್ಯಾರ್ಥಿಗಳ ಜೊತೆ ಮಾರ್ಕನ ಸುವಾರ್ತೆ, ಅದಕ್ಕಾಗಿ ಗುರುವಾರದ ಮನೆಭೇಟಿ ಇನ್ನೊಬ್ಬರಿಗೆ' ಎಂಬುದು ನಿರ್ಧಾರ. ಎರಡನೇ ಅರ್ಧವನ್ನು ಬರೆಯದವರೇ ಹೆಚ್ಚು. ತುಂಬಿದ ವಾರಕ್ಕೆ ಹೊಸದು ಸೇರಿಸಿದರೆ ಮೊದಲು ಉದುರುವುದು ಆ ಹೊಸದೇ. ವಿಮೋಚನಕಾಂಡ 18ರಲ್ಲಿ ಇತ್ರೋನ ತನ್ನ ಅಳಿಯ ಮೋಶೆಗೆ ಹೇಳಿದ್ದೂ ಇದನ್ನೇ: ಸಾವಿರ, ನೂರು, ಐವತ್ತು, ಹತ್ತು ಜನರ ಮೇಲೆ ಅಧಿಕಾರಿಗಳನ್ನು ನೇಮಿಸಿ ಚಿಕ್ಕ ವ್ಯಾಜ್ಯಗಳನ್ನು ಅವರಿಗೆ ಬಿಡು. ಹೇಳಿದ ಮಾವ ತನ್ನ ದೇಶಕ್ಕೆ ಹೊರಟುಹೋದ. ಜನರನ್ನು ಆರಿಸಿ ಕೆಲಸ ಹಂಚಿದ್ದು ಮೋಶೆ.

ಕಾಣಿಕೆ ಕೊಡುವವರಿಗೆ ಹತ್ತು ದಿನದೊಳಗೆ ಒಂದು ಪುಟದ ಪತ್ರ ಹೋಗಬೇಕು. 'ಬಹಳ ಆಶೀರ್ವಾದಕರವಾಗಿತ್ತು' ಎಂಬುದನ್ನು ಬಿಟ್ಟು ಒಟ್ಟು ಖರ್ಚೆಷ್ಟು, ಯಾರು ಭರಿಸಿದರು, ಯಾವ ಒಂದು ಕೆಲಸ ಬದಲಾಗುತ್ತದೆ, ಯಾವುದನ್ನು ನಿಲ್ಲಿಸುತ್ತೇವೆ ಎಂದು ಬರೆದರೆ ದುಡ್ಡಿನ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತದೆ.

ಊರಲ್ಲೇ ಉಳಿದು ನಾಲ್ಕು ದಿನ ಎಲ್ಲರ ಕೆಲಸವನ್ನೂ ಹೊತ್ತ ಸಹೋದ್ಯೋಗಿ ಒಬ್ಬರು ಇದ್ದೇ ಇರುತ್ತಾರೆ. ಬಂದ ಕೂಡಲೇ ಅವರಿಗೆ ಕಾನ್ಫರೆನ್ಸ್ ಕಥೆ ಹೇಳುವ ಬದಲು ಎರಡು ದಿನ ರಜೆ ಕೊಡಬೇಕು. ಮುಂದಿನ ಸಲದ ಪಟ್ಟಿಯಲ್ಲಿ ಅವರ ಹೆಸರು ಮೊದಲು ಬರಲಿ. ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್‌ನಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ, ಹಾಗಾಗಿ ಯಾರು ಹೋಗುತ್ತಾರೆ, ಯಾರು ಉಳಿಯುತ್ತಾರೆ ಎಂಬುದು ಅದಕ್ಕಿಂತ ಮೊದಲೇ ತೀರ್ಮಾನವಾಗಿರಬೇಕು.